ಹಿಂದಿನ ಸೀಟಿನ ಫ್ಯಾನ್ ಮೇಷ್ಟ್ರು

ಡ್ರೈವಿಂಗ್ ಸ್ಕೂಲಿನ ಆ ಹಳೇ ಕಾರಿನಲ್ಲಿ ಯಾವಾಗಲೂ ಮೂರು ಜನ ಇರುತ್ತಿದ್ದರು. ಸ್ಟಿಯರಿಂಗ್ ಹಿಡಿದು ಬೆವರುವ ಒಬ್ಬ ಶಿಷ್ಯ, ಪಕ್ಕದಲ್ಲಿ ಕಲಿಸುವ ಕ್ಲಚ್ ಮೇಡಂ, ಹಿಂದಿನ ಸೀಟಿನ ನಟ್ಟನಡುವೆ ಮೇಡಂ ಗಂಡ. ಮೇಡಂ ಬಾಯಲ್ಲಿ ದಿನವಿಡೀ 'ಕ್ಲಚ್ಚು, ಕ್ಲಚ್ಚು' ಎಂಬ ಒಂದೇ ಜಪವಿದ್ದದ್ದರಿಂದ ಅವರಿಗೆ ಆ ಹೆಸರು. ಗಂಡನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿನ ಫ್ಯಾನ್ ಹಾಕುವುದು, ತೆಗೆಯುವುದು, ಅಷ್ಟೇ ಅವರ ಕೆಲಸ. ಅದಕ್ಕೇ ಊರೆಲ್ಲ ಅವರನ್ನು ಫ್ಯಾನ್ ಮೇಷ್ಟ್ರು ಎನ್ನುತ್ತಿತ್ತು. ಹೆಸರು ಹುಟ್ಟಿದ್ದು ತಮಾಷೆಗೆ. ಆದರೆ ಮೇಷ್ಟ್ರು ಅದನ್ನು ಗಂಭೀರವಾಗಿಯೇ ತೆಗೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಕಾರು ಹತ್ತತೊಡಗಿದ ಮೇಲೆ ನಗುವವರು ಸುಸ್ತಾಗಿ ಸುಮ್ಮನಾದರು.

ಹಾಗೆ ನೋಡಿದರೆ ಆ ಫ್ಯಾನಿಗೆ ಮನುಷ್ಯನ ಹಂಗೇ ಇರಬಾರದಿತ್ತು. ರೇಡಿಯೇಟರಿನ ಕೆಳಗೆ ಹೆಬ್ಬೆರಳ ಗಾತ್ರದ ಹಿತ್ತಾಳೆ ಸ್ವಿಚ್ಚೊಂದು ನೀರಿಗೆ ಮೂತಿ ಅದ್ದಿಕೊಂಡು ಕೂತಿರುತ್ತದೆ. ನೀರು ಕಾದಾಗ ಅದರೊಳಗಿನ ತಗಡು ಬಾಗಿ ತುದಿಗಳು ಕೂಡುತ್ತವೆ, ರಿಲೇ ಎಂಬ ಪುಟ್ಟ ಡಬ್ಬಿ ಟಿಕ್ ಎನ್ನುತ್ತದೆ, ಬ್ಯಾಟರಿಯಿಂದ ಕರೆಂಟು ಹರಿದು ಫ್ಯಾನು ತಿರುಗುತ್ತದೆ. ನೀರು ತಣ್ಣಗಾದರೆ ತಗಡು ನೆಟ್ಟಗಾಗಿ ಫ್ಯಾನು ನಿಲ್ಲುತ್ತದೆ. ಈ ಹಿತ್ತಾಳೆ ಸ್ವಿಚ್ಚು ಒಂದು ದಿನ ಕೈಕೊಟ್ಟಿತು. ಅಷ್ಟು ಹಳೇ ಕಾರಿಗೆ ಹೊಂದುವಂಥದ್ದು ಅಂಗಡಿಯಲ್ಲಿ ಸಿಗಲಿಲ್ಲ. ಮೇಡಂ ಅವರ ತಮ್ಮ ಆಟೋ ಎಲೆಕ್ಟ್ರಿಷಿಯನ್. ಅವನು ತಲೆ ಓಡಿಸಿ, ರಿಲೇಯಿಂದ ಒಂದು ವೈರು ಎಳೆದು, ಕಾಲಡಿಯ ಮ್ಯಾಟಿನ ಕೆಳಗೆ ಹಾಯಿಸಿ, ಮುಂದಿನ ಸೀಟಿನ ಬೆನ್ನಿಗೆ ಮಂಚದ ಪಕ್ಕ ಇರುವಂಥ ದೀಪದ ಸ್ವಿಚ್ಚು ಕೂರಿಸಿದ. ಶಿಷ್ಯರ ಕೈಕಾಲು ಕಾಯುವ ಅಕ್ಕನಿಗೆ ಇನ್ನೊಂದು ಕೆಲಸ ಬೇಡ, ಹೇಗೂ ಮನೆಯಲ್ಲಿ ಭಾವ ಖಾಲಿ ಕೂತಿದ್ದಾರಲ್ಲ ಎಂಬುದು ಅವನ ಲೆಕ್ಕಾಚಾರ.

ಭಾವ ಖಾಲಿ ಕೂತದ್ದಕ್ಕೂ ಒಂದು ಕಥೆಯಿದೆ. ಅವರು ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಕಬ್ಬಿಣದ ಜಾಲರಿ ಎಳೆದು, ಹಿಡಿಕೆ ತಿರುಗಿಸಿ, ಜನರನ್ನು ಅವರವರ ಮಹಡಿಗೆ ಮುಟ್ಟಿಸಿ, ಮಹಡಿಯ ಹೆಸರು ಕೂಗುವುದು ಅವರ ಬದುಕಾಗಿತ್ತು. ಆಮೇಲೆ ಹೊಸ ಲಿಫ್ಟ್ ಬಂತು. ಅದು ತಾನಾಗಿಯೇ ಬಾಗಿಲು ತೆಗೆಯುತ್ತಿತ್ತು, ತಾನಾಗಿಯೇ ಮಹಡಿಯ ಹೆಸರು ಹೇಳುತ್ತಿತ್ತು, ಅದೂ ಹೆಂಗಸಿನ ದನಿಯಲ್ಲಿ. ಅಂದಿನಿಂದ 'ತಾನಾಗಿಯೇ' ಎಂಬ ಮಾತು ಕಿವಿಗೆ ಬಿದ್ದರೆ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಹಾಲು ತಾನಾಗಿಯೇ ಉಕ್ಕಿತು ಎಂದರೂ ಸಿಡುಕುತ್ತಿದ್ದರು.

ಹಿಂದಿನ ಸೀಟು ಸಿಕ್ಕ ಮೇಲೆ ಮನುಷ್ಯ ಚಿಗುರಿಬಿಟ್ಟರು. ಎರಡು ಸೀಟಿನ ನಡುವೆ ಕತ್ತು ಚಾಚಿ ಬಿಸಿ ತೋರಿಸುವ ಮುಳ್ಳನ್ನೇ ದಿಟ್ಟಿಸುತ್ತಿದ್ದರು. ನೀರಿನ ಟ್ಯಾಂಕಿನ ಬಳಿ ಏರು ಶುರುವಾಗಿ ಮುಳ್ಳು ಮೇಲೇರಿದರೆ ಸ್ವಿಚ್ಚು ಒತ್ತಿ, ಲಿಫ್ಟಿನ ಕಾಲದ ದನಿಯಲ್ಲಿ "ಹಾಕಿದೆ" ಎನ್ನುತ್ತಿದ್ದರು. ಇಳಿದರೆ "ತೆಗೆದೆ". ಒಮ್ಮೆ ಮೇಷ್ಟ್ರಿಗೆ ಜ್ವರ ಬಂದಾಗ ಮೇಡಂ ಸ್ಕೂಲಿನ ಬಾಗಿಲಿಗೆ 'ಫ್ಯಾನಿಗೆ ಹುಷಾರಿಲ್ಲ' ಎಂದು ಬರೆದು ತೂಗುಹಾಕಿದ್ದರು. ಶಿಷ್ಯರು ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದರು.

ಶಿಷ್ಯರ ಪಾಡು ಬೇರೆಯೇ. ಏರಿನಲ್ಲಿ 'ಹಾಕಿದೆ' ಕೇಳಿದ ಮೇಲೆಯೇ ಗೇರು ಬದಲಿಸುವುದು ಅವರಿಗೆ ರೂಢಿಯಾಗಿತ್ತು. ಆ ದನಿ ಕೇಳದಿದ್ದರೆ ಗಾಡಿ ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಲೈಸೆನ್ಸ್ ಕೊಡುವ ಅಧಿಕಾರಿ ಇದೇ ಕಾರಿನಲ್ಲಿ ಕಲಿತವನಾದ್ದರಿಂದ, ಹಿಂದಿನಿಂದ 'ಹಾಕಿದೆ' ಕೇಳಿಸದಿದ್ದರೆ ಪರೀಕ್ಷೆಯಲ್ಲಿ ಏನೋ ಕೊರತೆ ಎಂದು ಮುಖ ಗಂಟಿಕ್ಕುತ್ತಿದ್ದ. ಬೇರೆ ಸ್ಕೂಲಿನವರು ಈ ಉಪದ್ರವಕ್ಕೆ ಹೆದರಿ ತಮ್ಮ ತಮ್ಮ ಅಜ್ಜಂದಿರನ್ನು ಹಿಂದೆ ಕೂರಿಸಿಕೊಂಡು ಬರತೊಡಗಿದರು. ಹೊಲಿಗೆ ಅಂಗಡಿಯಾಕೆ ಹೊಸ ಕಾರು ಕೊಂಡು, ಏರಿನಲ್ಲಿ 'ಹಾಕಿದೆ' ಎನ್ನಲೆಂದೇ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಓಡಾಡುತ್ತಿದ್ದಳು. ಅತ್ತೆ ನಿದ್ದೆ ಹೋದ ದಿನ ಗಾಡಿ ಹಿಂದಕ್ಕೆ ಜಾರಿತು. ಅತ್ತೆ ಸೊಸೆ ಮಾತು ಬಿಟ್ಟದ್ದು ಅದೇ ಕಾರಣಕ್ಕೆ. ಔಷಧಿ ಅಂಗಡಿಯವನಂತೂ ಹೊಚ್ಚ ಹೊಸ ಕಾರನ್ನು ಷೋರೂಮಿಗೆ ವಾಪಸು ಒಯ್ದು, ಇದರಲ್ಲಿ ಹಿಂದಿನ ಮನುಷ್ಯನನ್ನೇ ಕೊಟ್ಟಿಲ್ಲ ಎಂದು ಜಗಳ ಆಡಿದ.

ಮೇಡಂ ತಮ್ಮನಿಗೆ ಮಾತ್ರ ಇದೆಲ್ಲ ತನ್ನ ಕಸುಬಿಗೆ ಅವಮಾನ ಎನಿಸುತ್ತಿತ್ತು. ಇಷ್ಟು ವರ್ಷಗಳಲ್ಲಿ ಮೂರು ಸಲ ಗುಜರಿಯಿಂದ ಹಿತ್ತಾಳೆ ಸ್ವಿಚ್ಚು ಹುಡುಕಿ ತಂದು ಕೂರಿಸಿದ್ದ. ಮೂರೂ ಸಲ ವಾರ ಕಳೆಯುವುದರೊಳಗೆ ಫ್ಯಾನು ತಿರುಗಲಿಲ್ಲ ಎಂದು ಅಕ್ಕ ಹೇಳಿಕಳಿಸುತ್ತಿದ್ದಳು. ಗುಜರಿ ಸಾಮಾನಿನ ಹಣೆಬರಹವೇ ಇಷ್ಟು ಎಂದು ಅವನು ಬಂದು ನೋಡುವ ಗೋಜಿಗೂ ಹೋಗುತ್ತಿರಲಿಲ್ಲ. ಮೇಷ್ಟ್ರು ಬಾಯಲ್ಲಿ ಲೊಚಗುಟ್ಟಿ, ಒಳಗೊಳಗೇ ಹಾಲು ಕುಡಿದಷ್ಟು ಖುಷಿಪಡುತ್ತಿದ್ದರು.

ನಾಲ್ಕನೇ ಸಲ ತಮ್ಮ ತಂದದ್ದು ಗುಜರಿಯದ್ದಲ್ಲ. ಎಲ್ಲಿಂದಲೋ ತರಿಸಿದ, ಡಬ್ಬಿಯೊಳಗಿನ ಹೊಸ ಮಾಲು. ಥಳಥಳ ಹೊಳೆಯುವ ಆ ತುಂಡನ್ನು ಅಂಗೈಯಲ್ಲಿಟ್ಟು ತೋರಿಸುತ್ತ ಅವನು, "ಭಾವ, ಇನ್ಮೇಲೆ ನಿಮ್ಗೆ ಆರಾಮು. ಕತ್ತು ನೋವು, ಬೆನ್ನು ನೋವು ಏನೂ ಇರಲ್ಲ. ಎಲ್ಲಾ ತಾನಾಗೇ ಆಗುತ್ತೆ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಪಾಪ. ಸೀಟಿನ ಬೆನ್ನಿನ ದೀಪದ ಸ್ವಿಚ್ಚನ್ನು ಮಾತ್ರ ಇದ್ದರೆ ಇರಲಿ ಎಂದು ಕೀಳದೆ ಬಿಟ್ಟ.

ಮರುದಿನದಿಂದ ಮೇಷ್ಟ್ರಿಗೂ ಆ ಹಿತ್ತಾಳೆ ತುಂಡಿಗೂ ಪೈಪೋಟಿ ಬಿತ್ತು. ಏರಿನಲ್ಲಿ ಮೇಷ್ಟ್ರು ಬೆರಳೆತ್ತುವ ಮೊದಲೇ ಮುಂದೆ ಗುರ್ ಎಂದು ಫ್ಯಾನು ತಿರುಗಿತು. 'ಹಾಕಿದೆ' ಎಂಬುದು ಊಟ ಮುಗಿದ ಮೇಲೆ ಹಾಕಿದ ಎಲೆಯಂತಾಯಿತು. ಮುಂದಿನ ಸಲ ಸೋಲಬಾರದೆಂದು ಗಾಡಿ ಗೇಟು ದಾಟುವ ಮೊದಲೇ ಸ್ವಿಚ್ಚು ಒತ್ತಿದರು. ನೀರಿನ್ನೂ ತಣ್ಣಗಿದೆ, ಈಗಲೇ ಯಾಕೆ ಎಂದು ಮೇಡಂ ಕೇಳಿದರು. ಇಳಿಜಾರಿನಲ್ಲಿ ಸ್ವಿಚ್ಚು ತೆಗೆದು 'ತೆಗೆದೆ' ಎಂದರೆ ಫ್ಯಾನು ಕೇಳಬೇಕಲ್ಲ, ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಯಾರ ಮಾತು ನಂಬಬೇಕೋ ತಿಳಿಯದೆ ಶಿಷ್ಯ ಗಾಡಿಯನ್ನು ಪೊದೆಗೆ ನುಗ್ಗಿಸಿದ.

ಇದೂ ಹೋಗಲಿ. ಕ್ಲಾಸು ಮುಗಿದು, ಎಂಜಿನ್ ಆಫ್ ಆಗಿ, ಕೀಲಿ ಮೇಡಂ ಕೈಚೀಲ ಸೇರಿ, ಎಲ್ಲರೂ ಇಳಿದು ಹೋದ ಮೇಲೆ ಮೇಷ್ಟ್ರೊಬ್ಬರೇ ಕಾರಿನಲ್ಲಿ ಕೂತಿದ್ದರು. ಆಗ ಫ್ಯಾನು ಶುರುವಾಯಿತು. ಓಡುವ ಗಾಡಿ ನಿಂತಾಗ ಎಂಜಿನ್ನಿನ ಬಿಸಿ ನೀರಿಗಿಳಿಯುತ್ತದೆ, ಹಳೇ ಕಾರುಗಳಲ್ಲಿ ಫ್ಯಾನಿನ ವೈರು ನೇರ ಬ್ಯಾಟರಿಗೇ ಇರುವುದರಿಂದ ಕೀಲಿಯಿಲ್ಲದೆಯೂ ಅದು ತಿರುಗುತ್ತದೆ. ಇದು ಮೇಷ್ಟ್ರಿಗೂ ಗೊತ್ತಿತ್ತು. ಗೊತ್ತಿದ್ದರೇನು, ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ? ಯಜಮಾನರಿಲ್ಲದ ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ನೆಂಟನ ಹಾಗಿತ್ತು ಅದರ ದೌಲತ್ತು.

ಆ ಸಂಜೆ ಮೇಷ್ಟ್ರು ಹೆಂಡತಿಗೆ, ನಾಳೆಯಿಂದ ತಾವು ಬರುವುದಿಲ್ಲ ಎಂದರು. ಬರಲೇಬೇಕು ಎಂದು ಒಂದು ಮಾತು ಬಂದೀತೆಂದು ಕಾದರು. ಮೇಡಂ ತಟ್ಟೆ ತೊಳೆಯುತ್ತಲೇ "ಸರಿ" ಎಂದರು. ಅಷ್ಟೇ. ಮೇಷ್ಟ್ರಿಗೆ ಎದೆಗೆ ಒದ್ದಂತಾಯಿತು.

ಮನೆಯಲ್ಲಿ ಕೂತ ಮೇಷ್ಟ್ರು ಅಡುಗೆ ಒಲೆಗೆ ಉಸ್ತುವಾರಿ ಶುರುಮಾಡಿದರು. ಪಾತ್ರೆ ಕಾದರೆ ಕಿಟಕಿ ತೆರೆದು 'ತೆಗೆದೆ' ಎಂದು ಕೂಗುವುದು, ಆರಿದರೆ 'ಹಾಕಿದೆ' ಎಂದು ಮುಚ್ಚುವುದು. ಪಕ್ಕದ ಮನೆಯವರು ತಮ್ಮನ್ನೇ ಅನ್ನುತ್ತಿದ್ದಾರೆಂದುಕೊಂಡು ಮುಖ ತಿರುಗಿಸಿದರು. ಆ ಮನುಷ್ಯನಿಗೆ ಬೇಕಾದದ್ದು ಫ್ಯಾನಲ್ಲ. ಬೆಳಗಿನಿಂದ ಸಂಜೆಯವರೆಗೆ ಹೆಂಡತಿಯ ಬೆನ್ನ ಹಿಂದೆ ಕೂತು, ಅವಳ ಬೈಗುಳ, ನಗು, ಕ್ಲಚ್ಚಿನ ಜಪ ಕೇಳುತ್ತ ಊರು ಸುತ್ತುವ ಆ ಜಾಗ ಬೇಕಿತ್ತು. ಅಲ್ಲಿ ಕೂರಲು ಅವರಿಗಿದ್ದ ಒಂದೇ ನೆಪ ಆ ಸ್ವಿಚ್ಚು. ನೆಪ ಹೋದ ಮೇಲೆ ಯಾವ ಮುಖ ಹೊತ್ತು ಕಾರು ಹತ್ತುವುದು?

ಕೊನೆಗೆ ಒಂದು ಬೆಳಿಗ್ಗೆ, ಮೇಡಂ ಸ್ನಾನಕ್ಕೆ ಹೋದ ಹೊತ್ತು ನೋಡಿ, ಮೇಷ್ಟ್ರು ಶೆಡ್ಡಿಗೆ ನುಸುಳಿದರು. ಹಿತ್ತಾಳೆ ಸ್ವಿಚ್ಚಿನ ವೈರು ಕಿತ್ತುಬಿಡುವುದೆಂದು ನಿರ್ಧಾರವಾಗಿತ್ತು. ಜೀವಮಾನದಲ್ಲಿ ಯಾರ ಮನೆಯ ಕಡ್ಡಿಯನ್ನೂ ಕದ್ದವರಲ್ಲ. ಬಾನೆಟ್ ಎತ್ತಿ, ರೇಡಿಯೇಟರಿನ ಕೆಳಗೆ ಕೈ ತೂರಿಸಿ ತಡಕಾಡಿದರು. ಸ್ವಿಚ್ಚು ಸಿಕ್ಕಿತು. ವೈರು ಸಿಗಲಿಲ್ಲ. ಬಗ್ಗಿ ನೋಡಿದರೆ, ಅದು ಆಗಲೇ ಕಳಚಿಕೊಂಡು ಪಕ್ಕದಲ್ಲಿ ಜೋತಾಡುತ್ತಿತ್ತು.

"ಬಿಗಿಯಾಗಿತ್ತು ರೀ, ನನ್ ಉಗುರೇ ಮುರೀತು" ಎಂದಿತು ಹಿಂದಿನಿಂದ ದನಿ.

ಮೇಡಂ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ಮುರಿದ ಉಗುರಿನ ಬೆರಳನ್ನು ಎತ್ತಿ ತೋರಿಸಿದರು. ಮೇಷ್ಟ್ರಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ನೀರು ನೋಡೋಣವೆಂದು ಬಂದೆ ಎಂದು ಸುಳ್ಳು ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಆಗ ಅವರ ತಲೆಯೊಳಗೆ ಏನೋ ಹೊಳೆಯಿತು.

"ಮುಂಚೆ ಕೆಟ್ಟಿದ್ವಲ್ಲ, ಆ ಮೂರು?"

"ಎರಡು ನಾನೇ ಕಿತ್ತಿದ್ದು. ಒಂದು ಮಾತ್ರ ಅದಾಗೇ ಹೋಯ್ತು, ದೇವರಾಣೆಗೂ."

"ಮತ್ತೆ ನಾನು ಬರಲ್ಲ ಅಂದಾಗ ಸರಿ ಅಂದ್ಯಲ್ಲ."

"ಇನ್ನೇನ್ ಅನ್ಲಿ? ಹಾಕಿದ ಮಾರನೇ ದಿನಾನೇ ಕೆಟ್ಟೋದ್ರೆ ನನ್ ತಮ್ಮನಿಗೆ ಅನುಮಾನ ಬರಲ್ವಾ? ಒಂದ್ ವಾರ ತಡ್ಕೊಳ್ಳೋಣ ಅಂತ ಹಲ್ಲು ಕಚ್ಚಿ ಕೂತಿದ್ದೆ. ಆಗ್ಲಿಲ್ಲ."

ಇಷ್ಟು ವರ್ಷ ತಾವೊಂದು ಕೆಲಸ ಮಾಡುತ್ತಿದ್ದೇವೆ ಎಂದುಕೊಂಡಿದ್ದ ಮನುಷ್ಯನಿಗೆ, ಆ ಕೆಲಸವನ್ನು ಹೆಂಡತಿ ಕದ್ದು ಮುಚ್ಚಿ ಉಳಿಸಿಕೊಟ್ಟಿದ್ದಳು ಎಂದು ತಿಳಿದಾಗ ಮೊದಲು ನಾಚಿಕೆಯಾಯಿತು. ಆಮೇಲೆ ಸಂತೋಷವಾಯಿತು. ಒಂದು ತಗಡಿನ ಸ್ವಿಚ್ಚಿಗೋಸ್ಕರ ಇಷ್ಟೆಲ್ಲ ಯಾಕೆ, ಫ್ಯಾನ್ ಹಾಕಲು ತನ್ನಂಥವನೇ ಬೇಕೇ ಎಂದು ತಡವರಿಸುತ್ತ ಕೇಳಿದರು.

ಮೇಡಂ ವೈರಿನ ತುದಿಯನ್ನು, ನೋಡಿದವರಿಗೆ ಮುರಿದಂತೆ ಕಾಣಲೆಂದು, ಕೊಂಚ ಸೊಟ್ಟಗೆ ಬಾಗಿಸಿ ಬಾನೆಟ್ ಇಳಿಸಿದರು.

"ಫ್ಯಾನ್ ಹಾಕೋಕೆ ಯಾರ್ ಬೇಕಾದ್ರೂ ಸಿಗ್ತಾರೆ ರೀ. ಹೆಂಗಸು ಓಡಿಸೋ ಗಾಡಿ ಅಂತ ನಾನು ಕಲಿಯೋವಾಗ ಒಂದು ನರಪಿಳ್ಳೆ ಹತ್ತಲಿಲ್ಲ. ನನ್ ತಮ್ಮನೂ ಸೈಕಲ್ಲಲ್ಲಿ ಹಿಂದೆ ಬಂದ. ಕಣ್ಮುಚ್ಕೊಂಡು ಹಿಂದಿನ ಸೀಟಲ್ಲಿ ಕೂತೋರು ನೀವೊಬ್ರೇ. ಅಲ್ಲಿ ನೀವಿಲ್ದಿದ್ರೆ ನನಗೆ ಇವತ್ತಿಗೂ ಏರಲ್ಲಿ ಕಾಲು ನಡುಗುತ್ತೆ."

ಮೇಷ್ಟ್ರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಹಿಂದಿನ ಬಾಗಿಲು ತೆಗೆದು ಕೂತರು.