ಅಕ್ಕನ ಕೈಗೆ ಸರಿಯಾದ ಗ್ಲೌಸ್

ಡಿಸೆಂಬರ್ ಬಂತೆಂದರೆ ಗೋಣಿಕೊಪ್ಪಲಿನ ನಮ್ಮ ಅಂಗಡಿಗೆ ಗ್ಲೌಸ್ ಕೇಳಿಕೊಂಡು ಜನ ಬರುತ್ತಾರೆ. ನಮ್ಮ ಅಂಗಡಿ ಅಂದೆ, ಅದು ನನ್ನದೇನಲ್ಲ. ವರ್ಷಗಟ್ಟಲೆ ಕೌಂಟರಿನ ಹಿಂದೆ ನಿಂತು ನಿಂತು ನಮ್ಮದು ಅನ್ನುವ ರೂಢಿಯಾಗಿದೆ. ಗಂಬೂಟು, ಕತ್ತಿ, ಪೈಪು, ಟಾರ್ಪಾಲು, ಹೀಗೆ ಎಸ್ಟೇಟಿಗೆ ಬೇಕಾದ್ದನ್ನೆಲ್ಲ ಮಾರುತ್ತೇವೆ. ಗ್ಲೌಸ್ ಕೇಳಿದವರನ್ನು ನಾನು ಸುಮ್ಮನೆ ಬಿಡುವುದಿಲ್ಲ. ಒಣ ಕೆಲಸಕ್ಕೋ ಒದ್ದೆ ಕೆಲಸಕ್ಕೋ, ಹಿಡಿಯುವುದು ಒರಟು ವಸ್ತುವೋ ಜಾರುವ ವಸ್ತುವೋ, ಚಳಿಯಲ್ಲಿ ಎಷ್ಟು ಹೊತ್ತು ಎಂದೆಲ್ಲ ವಿಚಾರಿಸುತ್ತೇನೆ. "ಒಂದು ಜೊತೆ ಗ್ಲೌಸಿಗೆ ಎಂತ ಇಷ್ಟು ಪಂಚಾಯ್ತಿ ಮಾರಾಯ್ತಿ" ಎಂದು ಕೆಲವರು ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲಿ. ಅವರಿಗಿಂತ ಹೆಚ್ಚು ಸಿಟ್ಟು ನನಗುಂಟು, ಅದು ಊರಿಗೇ ಗೊತ್ತಿರುವ ವಿಷಯ. ಆ ಸಿಟ್ಟಿನಲ್ಲೇ ನಾನು ನನ್ನ ಅಕ್ಕನನ್ನು ನೋಯಿಸಿದ್ದು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಜಡೆ ಹಾಕಿ, ಬುತ್ತಿ ಕಟ್ಟಿ ನನ್ನನ್ನು ಶಾಲೆಗೆ ಕಳಿಸಿದವಳು ಅವಳು. ತಾನು ಮದುವೆಯಾಗಲಿಲ್ಲ. ಬಿಟ್ಟಂಗಾಲದ ಹತ್ತಿರದ ಒಂದು ಎಸ್ಟೇಟಿನಲ್ಲಿ ಕೂಲಿಯವರ ಲೈನುಮನೆಯಲ್ಲಿ ಇದ್ದುಕೊಂಡು, ಅಲ್ಲಿನ ಪಲ್ಪರ್ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಮಾಡುತ್ತಿದ್ದಳು ಅನ್ನಬೇಕು.

ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಸಿಪ್ಪೆ ಹೋದರೂ ಬೀಜಕ್ಕೆ ಲೋಳೆ ಅಂಟಿಕೊಂಡೇ ಇರುತ್ತದೆ. ಅದನ್ನು ಸಿಮೆಂಟಿನ ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ಲೋಳೆ ಸಡಿಲವಾದ ಮೇಲೆ ತೊಳೆದು ಕಣದಲ್ಲಿ ಒಣಗಿಸಬೇಕು. ಅವಸರ ಮಾಡಿದರೆ ಲೋಳೆ ಉಳಿದು ಬೀಜ ಅಂಟಂಟಾಗಿ ಬೂಷ್ಟು ಹಿಡಿಯುತ್ತದೆ. ತಡ ಮಾಡಿದರೆ ನಾತ ಹೊಡೆಯುತ್ತದೆ. ಚಳಿ ಹೆಚ್ಚಿದ ದಿನ ನಿಧಾನ, ಬೆಚ್ಚಗಿದ್ದ ದಿನ ಬೇಗ, ಗಡಿಯಾರ ನೋಡಿ ಹೇಳುವ ಕೆಲಸವಲ್ಲ ಅದು. ತೊಟ್ಟಿಯೊಳಗೆ ಕೈಹಾಕಿ ಒಂದು ಹಿಡಿ ಬೀಜ ತೆಗೆದು ಮುಷ್ಟಿಯಲ್ಲಿ ಉಜ್ಜಿ ನೋಡಬೇಕು. ಜಾರಿದರೆ ಇನ್ನೂ ಆಗಿಲ್ಲ. ಹೊಳೆಯ ಸಣ್ಣ ಕಲ್ಲಿನ ಹಾಗೆ ಗರಗರ ಅಂದರೆ ಆಯಿತು. ಆ ತೋಟದಲ್ಲಿ ಉಜ್ಜಿ ನೋಡುವವಳು ಅಕ್ಕ ಒಬ್ಬಳೇ. ತೋಟದ ಲೆಕ್ಕ, ಕೆಲಸ ಎಲ್ಲ ನೋಡಿಕೊಳ್ಳುವ ರೈಟರು ಕೂಡ ಅವಳ ಬಾಯಿಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. "ಆಯ್ತು, ನೀರು ಬಿಡಿ" ಎಂದು ಅವಳು ಹೇಳಿದ ಮೇಲೆಯೇ ನೀರು ಬಿಡುವುದು. ಜೀವನದಲ್ಲಿ ಅವಳ ಮಾತಿಗೆ ಹತ್ತು ಜನ ಕಾಯುತ್ತಿದ್ದದ್ದು ಅದೊಂದೇ ಜಾಗದಲ್ಲಿ.

ಆದರೆ ಕೈಯ ಅವಸ್ಥೆ ನೋಡಬೇಕಿತ್ತು. ಮಂಜು ಹರಿಯುವ ಮೊದಲೇ ತಣ್ಣೀರಿಗೆ ಇಳಿಯುವ ಕೈ ಅದು. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಬೆರಳ ತುದಿಗಳು ಸುಣ್ಣದಂತೆ ಬಿಳಿಚಿಕೊಳ್ಳಲು ಶುರುವಾದವು. ಗೆಣ್ಣುಗಳು ಊದಿದವು, ಚರ್ಮ ಸೀಳಿತು. ನಾನು ಭಾನುವಾರ ಹೋದಾಗಲೆಲ್ಲ ಒಂದಲ್ಲ ಒಂದು ಗ್ಲಾಸು ಅವಳ ಕೈಯಿಂದ ಜಾರಿ ಒಡೆಯುತ್ತಿತ್ತು. ಡಾಕ್ಟರಿಗೆ ತೋರಿಸೋಣ ಅಂದರೆ, "ಎಣ್ಣೆ ಹಚ್ಚಿದ್ರೆ ಸರಿ ಹೋಗ್ತದೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಕಳೆದ ವರ್ಷ ಮತ್ತೆ ಚಳಿಗಾಲ ಬಂದಾಗ ನನಗೆ ತಲೆ ಕೆಟ್ಟಿತು. ಊರಿಗೆಲ್ಲ ಗ್ಲೌಸ್ ಮಾರುವವಳು ನಾನು, ನನ್ನ ಅಕ್ಕನ ಕೈ ಹೀಗೆ. ಅಂಗಡಿಯಲ್ಲಿದ್ದ ಒಂದೊಂದೇ ಜೊತೆ ತೆಗೆದು ನೋಡಿದೆ. ಅಂಗೈಗೆ ರಬ್ಬರು ಬಳಿದ ಉಣ್ಣೆಯದು ಬೆಚ್ಚಗಿತ್ತು, ಆದರೆ ಕೈಬೆನ್ನಿನಿಂದ ನೀರು ಒಳಗೆ ಹೋಗುತ್ತದೆ, ಒದ್ದೆ ಉಣ್ಣೆ ಬರಿಗೈಗಿಂತ ಕೆಟ್ಟದ್ದು. ಪಾತ್ರೆ ತೊಳೆಯುವಂಥದ್ದರಲ್ಲಿ ನೀರು ಒಳಗೆ ಹೋಗದು, ಆದರೆ ಚಳಿ ಹಾಗೇ ಒಳಗಿಳಿಯುತ್ತದೆ. ಮಾಲೀಕರಿಗೆ ಹೇಳಿ ಹೊರಗಿನಿಂದ ಇನ್ನೂ ಮೂರು ಬಗೆ ತರಿಸಿದೆ. ಮೀನಂಗಡಿಯಿಂದ ಐಸ್ ಚೂರು ತಂದು ಬಕೆಟ್ಟಿಗೆ ಹಾಕಿದೆ. ಲೋಳೆಗೆ ಏನು ಮಾಡುವುದು? ತಲೆಗೆ ಹಚ್ಚಿಕೊಳ್ಳುವ ಹಾಗೆ ದಾಸವಾಳದ ಎಲೆ ಕಿವುಚಿ ಅದೇ ನೀರಿಗೆ ಬೆರೆಸಿದೆ. ಒಂದೊಂದೇ ಗ್ಲೌಸ್ ಹಾಕಿಕೊಂಡು, ಆ ಲೋಳೆನೀರಿನಲ್ಲಿ ಗಾಜಿನ ಬಾಟಲಿ ಹಿಡಿದು ಎತ್ತಿ ನೋಡಿದೆ. ಗಿರಾಕಿಗಳು ನಕ್ಕರು. ಕೊನೆಗೆ ಒಂದು ಜೊತೆ ಒಪ್ಪಿಗೆಯಾಯಿತು. ಮೊಣಕೈವರೆಗೆ ಉದ್ದ, ಒಳಗೆ ದಪ್ಪ ಮೆತ್ತನೆ ಬಟ್ಟೆ, ಅಂಗೈಗೆ ಮರಳು ಮೆತ್ತಿದಂಥ ಒರಟು. ಕಾಲು ಗಂಟೆ ಐಸಿನಲ್ಲಿಟ್ಟರೂ ಕೈ ಬೆಚ್ಚಗಿತ್ತು, ಬಾಟಲಿ ಒಮ್ಮೆಯೂ ಜಾರಲಿಲ್ಲ. ಊದಿದ ಕೈಗೆಂದು ಒಂದು ಸೈಜು ದೊಡ್ಡದೇ ಆರಿಸಿದೆ.

ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕಳು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಗ್ಲೌಸ್ ಕೆಸರಾದ್ರೆ ಬಾಯಿಗೆ ಎಂತ ಸಿಗ್ತದೆ?"

"ಬೆರಳೇ ಬಿದ್ದುಹೋದ್ಮೇಲೆ ಮೊಸರನ್ನ ಕಲಸೋದು ಎಂತದ್ರಲ್ಲಿ?" ಅಂದೆ.

"ಅದು ಹಾಕ್ಕೊಂಡ್ರೆ ಲೋಳೆ ಗೊತ್ತಾಗೋದಿಲ್ಲ ಕಣೇ. ಕೈಗೆ ಕಣ್ಣು ಕಟ್ಟಿದ ಹಾಗೆ."

ಮೂರು ವಾರ ಜಗಳವಾಯಿತು. ಕಡೆಗೆ ಒಂದು ಒಪ್ಪಂದಕ್ಕೆ ಬಂದೆವು. ತೊಳೆಯುವಾಗ, ಕಲಕುವಾಗ ಗ್ಲೌಸ್ ಹಾಕಿಕೊಳ್ಳುವುದು. ಉಜ್ಜಿ ನೋಡುವಾಗ ಮಾತ್ರ ಬಲಗೈಯದನ್ನು ಬಿಚ್ಚುವುದು. "ಮರೀಬೇಡ ಮತ್ತೆ" ಅಂದೆ. "ಬಿಚ್ತೇನೆ ಅಂದ್ಮೇಲೆ ಬಿಚ್ತೇನೆ" ಅಂದಳು. ಮುಂದಿನ ಭಾನುವಾರ ಹೋದಾಗ, ಕೈ ಬೆಚ್ಚಗಿರುತ್ತದೆ ಎಂದು ತಾನಾಗಿಯೇ ಹೇಳಿದಳು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಏನು ಖುಷಿ, ಏನು ಜಂಬ.

ಜನವರಿಯಲ್ಲಿ ಹೋದ ಒಂದು ಭಾನುವಾರ ಅಕ್ಕ ಪಲ್ಪರ್ ಮನೆಯಲ್ಲಿರಲಿಲ್ಲ. ಕಣದ ಅಂಚಿನಲ್ಲಿ ಹೆಂಗಸರ ನಡುವೆ ಕೂತು ಒಡೆದ ಬೀಜ, ಕಪ್ಪು ಬೀಜ ಆರಿಸುತ್ತಿದ್ದಳು. ರೈಟರು ನನ್ನನ್ನು ಕಂಡು ಪಕ್ಕಕ್ಕೆ ಬಂದರು. ಒಳ್ಳೆಯ ಮನುಷ್ಯ, ಹೇಳಲು ಅವರಿಗೂ ಕಷ್ಟವಾಗುತ್ತಿತ್ತು.

"ಒಂದು ತೊಟ್ಟಿ ಪೂರ್ತಿ ಹಾಳಾಯ್ತಮ್ಮ. ಆಯ್ತು ಅಂದ್ರು, ನೀರು ಬಿಟ್ಟೆವು. ಕಣಕ್ಕೆ ಹಾಕಿದ್ರೆ ಎಲ್ಲಾ ಗಂಟು ಗಂಟು. ಕೇಳಿದ್ರೆ, ಗ್ಲೌಸ್ ಬಿಚ್ಚೋಕೆ ಮರ್ತೆ ಅಂತಾರೆ. ಧಣಿಗಳು ಒಪ್ಲಿಲ್ಲ. ತೊಟ್ಟಿ ಹತ್ರ ಬೇರೆಯವ್ರನ್ನ ಹಾಕಿದ್ದೇವೆ."

ನಾನು ಸೀದಾ ಕಣಕ್ಕೆ ನಡೆದೆ. ಕೂತಿದ್ದ ಅಷ್ಟೂ ಹೆಂಗಸರ ಎದುರು ಅಕ್ಕನಿಗೆ ಬೈದೆ. "ಒಂದೇ ಒಂದು ಮಾತು ಹೇಳಿದ್ದೆ ನಾನು. ಬಿಚ್ಚಿ ನೋಡು ಅಂತ. ಅಷ್ಟು ನೆನಪಿಟ್ಕೊಳ್ಳೋಕಾಗ್ಲಿಲ್ವಾ? ವಯಸ್ಸಾಯ್ತು ನಿಂಗೆ, ಬುದ್ಧಿ ಬರ್ಲಿಲ್ಲ. ನಂಗೂ ಕೆಟ್ಟ ಹೆಸರು ತಂದೆ." ಇನ್ನೂ ಏನೇನೋ ಅಂದೆ. ಅಕ್ಕ ತಲೆ ಎತ್ತಲಿಲ್ಲ. "ಮರ್ತೋಯ್ತು, ತಪ್ಪಾಯ್ತು" ಎಂದಷ್ಟೇ ಅಂದು ಬೀಜ ಆರಿಸುತ್ತಲೇ ಇದ್ದಳು. ಚಹಾ ಕೂಡ ಕುಡಿಯದೆ ನಾನು ಬಸ್ಸು ಹತ್ತಿದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದು ಅವಳೇ ನನಗೆ ಚಿಕ್ಕಂದಿನಿಂದ ಹೇಳುತ್ತಿದ್ದ ಮಾತು.

ಎರಡು ವಾರ ಹೋಗಲಿಲ್ಲ. ಮೂರನೆಯ ವಾರ, ಅಕ್ಕನ ಜೊತೆ ತೊಟ್ಟಿಯಲ್ಲಿ ಬೀಜ ತೊಳೆಯುತ್ತಿದ್ದ ಹೆಂಗಸು ಗಂಬೂಟು ಕೊಳ್ಳಲು ಅಂಗಡಿಗೆ ಬಂದಳು. ನಾನು ಬೂಟು ತೆಗೆದಿಟ್ಟರೂ ಅವಳು ಹಾಕಿ ನೋಡಲಿಲ್ಲ.

"ಅವತ್ತು ನೀವು ಅಕ್ಕಂಗೆ ಬೈದ್ರಲ್ಲ," ಅಂದಳು. "ನನ್ಗೆ ಹೊಟ್ಟೆ ಉರೀತು. ಅವ್ರು ಬಿಚ್ಚಿಯೇ ನೋಡಿದ್ದು. ನಾನು ಪಕ್ಕದಲ್ಲೇ ಇದ್ದೆ. ಗ್ಲೌಸ್ ಬಿಚ್ಚಿ ನನ್ನ ಕೈಗೇ ಕೊಟ್ರು. ಬರಿಗೈಯಲ್ಲಿ ಮೂರು ಸಲ ಉಜ್ಜಿದ್ರು."

"ಹಾಗಾದ್ರೆ ಗೊತ್ತಾಗ್ಲಿಲ್ವಾ?"

"ಎಲ್ಲಿ ಗೊತ್ತಾಗ್ತದೆ? ಅವ್ರ ಬೆರಳಿಗೆ ಎಂತದೂ ಗೊತ್ತಾಗ್ದೆ ಒಂದು ವರ್ಷ ಆಯ್ತು. ಮುಷ್ಟಿ ಕಿವಿ ಹತ್ರ ಇಟ್ಟು ಉಜ್ತಾರೆ, ಸದ್ದು ಕೇಳಿ ಹೇಳ್ತಾರೆ. ಅವತ್ತು ಹಣ್ಣು ಜಾಸ್ತಿ ಇತ್ತು, ಎರಡೂ ಪಲ್ಪರ್ ಓಡ್ತಿತ್ತು. ಆ ಗಲಾಟೆಯಲ್ಲಿ ಎಂತ ಕೇಳ್ತದೆ? ಆಮೇಲೆ ಗ್ಲೌಸಿಂದ ಹೀಗಾಯ್ತು ಅಂತ ಹೇಳು ಅಂತ ನನ್ನ ಹತ್ರ ಮಾತು ತಗೊಂಡ್ರು. ಗ್ಲೌಸ್ ತಪ್ಪಾದ್ರೆ ಬೇರೆ ಗ್ಲೌಸ್ ಬರ್ತದೆ. ಕೈಯೇ ಹೋಗಿದೆ ಅಂದ್ರೆ ಮತ್ತೆ ಯಾರು ತೊಟ್ಟಿ ಹತ್ರ ಬಿಡ್ತಾರೆ ಹೇಳಿ."

ನಾನು ಕೌಂಟರಿನ ಕೆಳಗೆ ಏನೋ ಹುಡುಕುವವಳಂತೆ ಕೂತುಬಿಟ್ಟೆ. ಅಳು ತಡೆಯಲಾಗಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡವಳಿಗೆ, ಮಾತು ಮುರಿದೆ ಎಂದು ಹತ್ತು ಜನರ ಎದುರು ಬೈದಿದ್ದೆ. ಅದನ್ನೂ ಅವಳು ನುಂಗಿಕೊಂಡಿದ್ದಳು.

ಆ ಸಂಜೆಯೇ ಹೋದೆ. ನಿಜ ಗೊತ್ತಾಯಿತೆಂದು ಹೇಳಬೇಕೆಂದೇ ಹೋದದ್ದು. ಅಕ್ಕ ಒಲೆಯ ಮುಂದೆ ಕೂತಿದ್ದಳು. ಅವಳ ಮುಖ ನೋಡಿದ ಮೇಲೆ ಬಾಯಿಗೆ ಬಂದದ್ದು ಬೇರೆ ಮಾತು. "ತಪ್ಪು ನಂದೇ ಅಕ್ಕ. ಗ್ಲೌಸ್ ದಪ್ಪ ಆಯ್ತು, ತೆಳುವಾಗಿದ್ರೆ ಬಿಚ್ಚೋದೇ ಬೇಕಿರ್ಲಿಲ್ಲ. ನಾನು ಸರಿಯಾಗಿ ಆರಿಸ್ಲಿಲ್ಲ."

ಅವಳು ಒಲೆಯ ಸೌದೆ ಮುಂದೆ ತಳ್ಳಿದಳು. "ಹೌದು, ಸ್ವಲ್ಪ ದಪ್ಪ," ಅಂದಳು. "ಮುಂದಿನ ವರ್ಷ ತೆಳುವಾದ್ದು ತಾ. ರೈಟರು ನೋಡುವ ಅಂದಿದ್ದಾರೆ."

ಮಳೆಗಾಲದಲ್ಲಿ ಹೇಗೋ ಒಪ್ಪಿಸಿ ವಿರಾಜಪೇಟೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನರ ಸತ್ತಿದೆ, ಇದು ಇನ್ನು ಮರಳಿ ಬರುವುದಲ್ಲ ಎಂದು ಅವರು ನನ್ನನ್ನು ಒಬ್ಬಳನ್ನೇ ಕರೆದು ಹೇಳಿದರು. ಮಾತ್ರೆ ತಗೊಂಡರೆ ಸರಿಯಾಗುತ್ತದಂತೆ ಎಂದು ನಾನು ಅಕ್ಕನಿಗೆ ಹೇಳಿದೆ. ಅವಳು ನಂಬಿದಳೋ, ನನಗಾಗಿ ನಂಬಿದ ಹಾಗೆ ಮಾಡಿದಳೋ ತಿಳಿಯದು.

ಈ ಡಿಸೆಂಬರಿನಲ್ಲಿ ಪಲ್ಪರ್ ಶುರುವಾಗುವ ಮೊದಲು ಹೊಸ ಜೊತೆ ತೆಗೆದುಕೊಂಡು ಹೋದೆ. ಇದ್ದುದರಲ್ಲೇ ತೆಳುವಾದದ್ದು, ಆದರೂ ಚಳಿ ತಡೆಯುವಂಥದ್ದು. ರೈಟರು ಅಕ್ಕನಿಗೆ ಒಂದು ಮಾತು ಹೇಳಿದ್ದರಂತೆ: ಹೊಸ ಗ್ಲೌಸಿನಲ್ಲಿ ಗೊತ್ತಾಗುತ್ತದೆ ಎಂದು ನಿಮ್ಮ ತಂಗಿ ಹೇಳಿದರೆ ಮತ್ತೆ ತೊಟ್ಟಿಗೆ ಬನ್ನಿ. ಅಕ್ಕ ಹಬ್ಬದ ಸೀರೆ ಸಿಕ್ಕವಳಂತೆ ಅವಸರದಲ್ಲಿ ಗ್ಲೌಸ್ ಏರಿಸಿಕೊಂಡಳು. ಮೊರದಲ್ಲಿದ್ದ ಒಂದಿಷ್ಟು ಬೀಜ ಮುಷ್ಟಿಯಲ್ಲಿ ಹಿಡಿದು ಉಜ್ಜಿದಳು. ಕಣ್ಣು ನನ್ನ ಮೇಲೆಯೇ ಇತ್ತು, ಮುಖ ತುಂಬ ನಗು.

"ಇದು ಸರಿಯಾಗಿದೆ ನೋಡು. ಬರಿಗೈ ಹಾಗೇ ಇದೆ. ಒಂದೊಂದು ಬೀಜವೂ ಗೊತ್ತಾಗ್ತದೆ. ರೈಟರಿಗೆ ಹೇಳ್ತೀಯಲ್ಲ?"

ಅವಳ ಉಂಗುರದ ಬೆರಳು, ಕಿರುಬೆರಳು ಎರಡೂ ಗ್ಲೌಸಿನ ಒಂದೇ ಬೆರಳಿನೊಳಗೆ ತುರುಕಿಕೊಂಡಿದ್ದವು. ಗ್ಲೌಸಿನ ಕಿರುಬೆರಳು ಖಾಲಿಯಾಗಿ ಜೋತಾಡುತ್ತಿತ್ತು. ಅದು ಅವಳಿಗೆ ಗೊತ್ತಾಗಿರಲಿಲ್ಲ.

"ಹೇಳ್ತೇನಕ್ಕ," ಅಂದೆ.

ಬಸ್ಸಿಗೆ ರೈಟರ ಮನೆ ದಾಟಿಯೇ ಹೋಗಬೇಕು. ಅವರು ಜಗಲಿಯಲ್ಲೇ ಕೂತಿದ್ದರು, ನನ್ನನ್ನು ಕಂಡು ಎದ್ದು ನಿಂತರು. ನಾನು ತಲೆ ತಗ್ಗಿಸಿಕೊಂಡು ಮುಂದೆ ನಡೆದೆ.