ಹುಳುಮನೆಗೆ ನನಗಿಂತ ಮೊದಲು ಹೋದವಳು

ಮೈಮೇಲೆ ದೇವರು ಬಂತು ಎಂದು ಆಸ್ಪತ್ರೆಗೆ ಕರೆತಂದವರಿಗೆ ಡ್ರಿಪ್ ಹಾಕಿ ಮಲಗಿಸಿ, ಜೊತೆಗೆ ಬಂದವರಿಗೆ ಚೆನ್ನಾಗಿ ಬೈದು ಕಳಿಸುತ್ತಿದ್ದ ಡಾಕ್ಟರು ನಾನು. ದೆವ್ವ, ಗಾಳಿ ಯಾವುದನ್ನೂ ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನಂಬುವುದಿಲ್ಲ ಎಂದು ಮೊದಲಿನ ಜಂಬದಿಂದ ಹೇಳಲು ಬಾಯಿ ಬರುವುದಿಲ್ಲ. ಕಾರಣ ಕೇಳಿ, ಆಮೇಲೆ ನಗಬೇಕೆನಿಸಿದರೆ ನಗಿ.

ಹುಟ್ಟಿ ಬೆಳೆದದ್ದು ಚನ್ನಪಟ್ಟಣ, ಓದಿದ್ದು ಸರ್ಕಾರಿ ಸೀಟಿನಲ್ಲಿ. ಕಡ್ಡಾಯ ಗ್ರಾಮೀಣ ಸೇವೆಗೆ ಕೈಲಾಂಚದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಸಿಕ್ಕಿತು. ಅಲ್ಲಿಗೆ ಬಂದ ಡಾಕ್ಟರುಗಳೆಲ್ಲ ಅವಧಿ ಮುಗಿದದ್ದೇ ತಡ ಗಂಟುಮೂಟೆ ಕಟ್ಟಿದವರು. ನಾನೂ ಅವರ ಪೈಕಿಯೇ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ ಗೊತ್ತಾಗಿತ್ತು. ನನ್ನ ಜಾಗಕ್ಕೆ ಯಾರೂ ಬರುವ ಸುದ್ದಿ ಇರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ನರ್ಸ್ ಗೌರಮ್ಮ ಮತ್ತು ಸುತ್ತಲಿನ ಆಶಾ ಕಾರ್ಯಕರ್ತೆಯರೆಲ್ಲ ಸೇರಿ, ಗಂಡನ ಮನೆಗೆ ಹೊರಟ ಮಗಳಿಗೆ ಕಟ್ಟುವ ಹಾಗೆ ನನಗೆ ಮಡಿಲಕ್ಕಿ ಕಟ್ಟಿದರು. ಬೆಳಗ್ಗೆಯಿಂದ ನಾನು ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಬಿಳಿ ಕೋಟು ಆಗಲೇ ಸೂಟ್‌ಕೇಸಿನ ತಳ ಸೇರಿತ್ತು.

ಕೇಸರಿಬಾತ್ ಬಾಯಿಗಿಡುವಷ್ಟರಲ್ಲಿ ಪಕ್ಕದ ಊರಿನ ರೇಷ್ಮೆ ಬೆಳೆಗಾರ ಶಿವಲಿಂಗ ಬೈಕನ್ನು ಮೆಟ್ಟಿಲವರೆಗೆ ತಂದು ನಿಲ್ಲಿಸಿದ. ಅವನ ಬಸುರಿ ಹೆಂಡತಿ ಸೌಮ್ಯ ನನ್ನ ಬಳಿಯೇ ತೋರಿಸಿಕೊಳ್ಳುತ್ತಿದ್ದಳು.

"ಮೇಡಂ, ನೀವ್ಯಾಕೆ ಅಲ್ಲಿಂದ ಬಂದ್ಬುಟ್ರಿ? ನೀವು ಹೇಳ್ಕೊಟ್ಟಂಗೆ ನಮ್ಮವ್ವ ಹೊಟ್ಟೆ ತಿಕ್ತಾನೇ ಅವ್ಳೆ. ಆಂಬುಲೆನ್ಸ್ ಇನ್ನೂ ಬಂದಿಲ್ಲ. ರಕ್ತ ಒಸಿ ಕಮ್ಮಿ ಆಗೈತೆ, ನಿಂತಿಲ್ಲ!"

ಗಾಬರಿಗೆ ಬಡಬಡಿಸುತ್ತಿದ್ದಾನೆ ಎಂದುಕೊಂಡೆ. ಇಂಜೆಕ್ಷನ್, ಡ್ರಿಪ್ಪು ಎತ್ತಿಕೊಂಡು ಅವನ ಹಿಂದೆ ಕೂತೆ.

ಸೌಮ್ಯ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗಲೇ ನೋವು ಬಂದು, ಅಲ್ಲೇ ಹೆತ್ತು ಮಲಗಿದ್ದಳು. ರೇಷ್ಮೆಹುಳು ಸಾಕುವ ಆ ಮನೆಗೆ ಹೊರಗಿನವರು ಹಾಗೇ ನುಗ್ಗುವಂತಿಲ್ಲ. ಹುಳುವಿಗೆ ರೋಗ ತಗುಲೀತೆಂದು ಬಾಗಿಲಲ್ಲಿ ಬ್ಲೀಚಿಂಗ್ ನೀರು ಇಟ್ಟಿರುತ್ತಾರೆ. ಅದರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಎಂದೂ ಹುಳುಮನೆ ಹೊಕ್ಕಿರದ ನಾನು ನೇರ ಒಳಗೆ ಓಡಿದೆ. ಸೊಸೆಯ ಕಿಬ್ಬೊಟ್ಟೆ ತಿಕ್ಕುತ್ತ ಕೂತಿದ್ದ ಕೆಂಪಮ್ಮ ಆ ಗಳಿಗೆಯಲ್ಲೂ ಗದರಿದಳು.

"ಆಗ ಕಾಲು ಅದ್ಕೊಂಡು ಬಂದ್ರಲ್ಲವ್ವ, ಈಗ್ಯಾಕೆ ಹಂಗೇ ಬತ್ತೀರಿ?"

ಆಗ ಎಂದರೆ ಯಾವಾಗ ಎಂದು ಕೇಳಲು ಹೊತ್ತಿರಲಿಲ್ಲ. ಪುಣ್ಯಕ್ಕೆ ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು. ಇಂಜೆಕ್ಷನ್ ಕೊಟ್ಟು ಡ್ರಿಪ್ ಏರಿಸಿದ ಮೇಲೆ ರಕ್ತ ಹತೋಟಿಗೆ ಬಂತು. ಆದರೆ ಅಲ್ಲಿಯತನಕ ಸೌಮ್ಯಳ ಜೀವ ಹಿಡಿದಿಟ್ಟದ್ದು ಅತ್ತೆಯ ಕೈ. ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲೆಂದು ನಮಗೆ ಹೆರಿಗೆ ವಾರ್ಡಿನಲ್ಲಿ ಕಲಿಸಿದ್ದರಲ್ಲ, ಆಕೆ ಥೇಟ್ ಹಾಗೇ ತಿಕ್ಕುತ್ತಿದ್ದಳು. ಆಂಬುಲೆನ್ಸಿಗೆ ಏರಿಸುವಾಗ ಸೌಮ್ಯ ಕಣ್ಣು ತೆರೆದು ನನ್ನನ್ನು ನೋಡಿದಳು.

"ಕೋಟು ಯಾಕೆ ಬಿಚ್ಚಾಕಿದ್ರಿ ಮೇಡಂ?" ಎಂದಳು.

ತಾಯಿ ಮಗು ರಾಮನಗರದ ಕಡೆ ಹೊರಟ ಮೇಲೆ ಕೆಂಪಮ್ಮನನ್ನು ಕೂರಿಸಿಕೊಂಡು, ನನಗಿಂತ ಮೊದಲು ಬಂದವರು ಯಾರೆಂದು ಕೇಳಿದೆ. ಆಶಾ ಕಾರ್ಯಕರ್ತೆ ಇರಬಹುದೇ? ಅವರೆಲ್ಲ ನನ್ನ ಮುಂದೆಯೇ ಇದ್ದರು. ಗೌರಮ್ಮ? ಅವಳೂ ಇದ್ದಳು. ಕೊನೆಗೆ, ಬೇರೆ ಯಾರೋ ಡಾಕ್ಟರು ಬಂದಿರಬೇಕು, ನಾನಂತೂ ಅಲ್ಲ ಎಂದೆ. ಕೆಂಪಮ್ಮ ನನ್ನನ್ನೇ ದಿಟ್ಟಿಸಿದಳು.

"ನಿಮ್ಮನ್ನ ಬುಟ್ರೆ ನಮ್ಗೆ ಇನ್ಯಾವ ಡಾಕ್ಟ್ರು ಅವ್ರೆ ಕಣವ್ವ?"

ಆಕೆ ಹೇಳಿದ್ದೂ ನಿಜವೇ. ಸುತ್ತಮುತ್ತಲ ಹಳ್ಳಿಯೆಲ್ಲ ಅಲೆದರೂ ಇನ್ನೊಬ್ಬಳು ಲೇಡಿ ಡಾಕ್ಟರು ಸಿಗುತ್ತಿರಲಿಲ್ಲ.

ಬೆಂಗಳೂರಿನ ಕೆಲಸಕ್ಕೆ ನಾನು ಹೋಗಲಿಲ್ಲ. ವರ್ಷಗಳಾದವು, ಇಲ್ಲೇ ಇದ್ದೇನೆ. ಸ್ಥಳೀಯ ಡಾಕ್ಟರುಗಳನ್ನು ಹಳ್ಳಿಯಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬ ಸಭೆಗಳಿಗೆ ನನ್ನನ್ನು ಕರೆಯುತ್ತಾರೆ, ಏನು ನಿಮಗೆ ಸ್ಫೂರ್ತಿ ಎಂದು ಕೇಳುತ್ತಾರೆ. ಹುಟ್ಟಿದ ಸೀಮೆಯ ಋಣ ಎಂದೇನೋ ಹೇಳಿ ಚಪ್ಪಾಳೆ ಗಿಟ್ಟಿಸಿ ಬರುತ್ತೇನೆ. ನಿಮ್ಮ ಮುಂದೆ ನಿಜ ಹೇಳುತ್ತೇನೆ, ನನಗೆ ಭಯ. ನಾನು ಹೊರಟುಹೋದರೂ ಆ ಕೋಟಿನವಳು ಇಲ್ಲಿಂದ ಹೋಗುವುದಿಲ್ಲವೇನೋ ಎಂಬ ಭಯ.