ಬ್ರಿಜ್ಜಿನ ತನಕ ಬಂದು ಹೋಗುವ ತಮ್ಮ

ನನ್ನದೊಂದು ಸ್ಕೂಟರ್ ಇದೆ. ಸ್ಕೂಟರ್ ಅಂದ ಕೂಡಲೇ ಹಾಲಿನ ಕ್ಯಾನು ನೇತುಹಾಕಿಕೊಂಡು ಹೋಗುವ ಗಾಡಿಯನ್ನು ನೆನೆಸಿಕೊಳ್ಳಬೇಡಿ. ಇದು ಮ್ಯಾಕ್ಸಿ ಸ್ಕೂಟರ್. ಮುಂದೆ ಎದೆಮಟ್ಟದ ಗಾಜು, ಕಾಲು ಚಾಚಲು ಜಾಗ, ಎರಡು ಹೆಲ್ಮೆಟ್ ನುಂಗಿ ಇನ್ನೂ ಹಸಿದಿರುವ ಡಿಕ್ಕಿ. ಹಿಂದಿನ ಸೀಟಂತೂ ನಮ್ಮ ಮನೆಯ ಗಾದಿಗಿಂತ ಮೆತ್ತಗಿದೆ. ಮೊದಲ ದಿನ ರೋಣದ ಬಸ್‌ಸ್ಟ್ಯಾಂಡಿನ ಮುಂದೆ ನಿಲ್ಲಿಸಿದಾಗ ಚಹಾದಂಗಡಿಯ ಈರಪ್ಪಣ್ಣ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬಸ್ಯಾ, ದಿನ ತುಂಬಿದ ಎಮ್ಮಿ ಇದ್ದಂಗ ಐತಲ್ಲೋ ಇದು. ಹಿಂಡತೈತೇನು?" ಎಂದ. ಆ ದಿನದಿಂದ ಅದಕ್ಕೆ ಎಮ್ಮಿ ಎಂದೇ ಹೆಸರು.

ನಾನು ಏಳನೇ ಇಯತ್ತೆಯ ತನಕ ಓದಿದವನು. ಭೂಗೋಳದಲ್ಲಿ ಅಳಿಸಿ ತಿದ್ದಿ ಕಪ್ಪಾಗದ ಒಂದು ಭಾರತದ ನಕಾಶೆಯನ್ನೂ ನಾನು ಬರೆದ ನೆನಪಿಲ್ಲ. ಅದನ್ನೆಲ್ಲ ನಲವತ್ತರ ನಂತರ ಎಮ್ಮಿಯ ಮೇಲೆ ಕೂತು ಕಲಿತೆ. ಗೋವಾ ನೋಡಿದೆ, ರಾಮೇಶ್ವರ ನೋಡಿದೆ, ಕನ್ಯಾಕುಮಾರಿಯಲ್ಲಿ ಮುಂದೆ ದಾರಿ ಇಲ್ಲವೆಂದು ಹೊಳ್ಳಿ ಬಂದೆ. ಗಜೇಂದ್ರಗಡದ ಮೂವರು ಗೆಳೆಯರು ಜೊತೆಗಿರುತ್ತಾರೆ. ನನ್ನದು ಹಿಟ್ಟಿನ ಗಿರಣಿ. ನಾಗರ ಪಂಚಮಿಯ ಮುಂದೆ ಊರವರ ಅಳ್ಳಿಟ್ಟು, ಅಂದರೆ ಅರಳಿನ ಹಿಟ್ಟು, ಬೀಸಿ ಮುಗಿಸಿದರೆ ನಾಲ್ಕೈದು ದಿನ ಗಿರಣಿ ಬಂದ್. ವರ್ಷದಲ್ಲಿ ನನಗಿರುವ ಸೂಟಿ ಅಷ್ಟೇ. ನಮ್ಮ ಪ್ರವಾಸಗಳು ಆಗಲೇ.

ತಪ್ಪು ಇರುವುದೂ ಅಲ್ಲೇ. ನನಗೊಬ್ಬ ಅಕ್ಕ ಇದ್ದಾಳೆ, ಶಾಂತವ್ವ. ಕೊಣ್ಣೂರಿನ ಬ್ರಿಜ್ ದಾಟಿ, ಮಲಪ್ರಭೆಯ ಆಚೆ ದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು. ಬಸ್ಸಿಗೆ ಬರಲು ಅವರಿಗೆ ತಿಳಿಯುವುದಿಲ್ಲವೆಂದಲ್ಲ. ಕರೆಯಲು ಯಾರೋ ಬಂದರು ಎನ್ನುವುದೇ ಅಲ್ಲಿ ಮುಖ್ಯ. ಯಾರೂ ಬರದ ಸೊಸೆಗೆ ಅತ್ತೆಯ ಮನೆಯಲ್ಲಿ ಮುಂದಿನ ಪಂಚಮಿಯ ತನಕ ತಲೆ ಎತ್ತಿ ಮಾತಾಡುವುದು ಕಷ್ಟ. ಇದು ನನಗೆ ಗೊತ್ತಿತ್ತು. ಏಳನೇ ಇಯತ್ತೆಯ ಓದು ಇದಕ್ಕೆ ಸಾಕು.

ಎಮ್ಮಿ ಬಂದ ಮೊದಲ ವರ್ಷ, ಅದರ ಮೇಲೇ ಕರೆಯಲು ಬರುತ್ತೇನೆಂದು ಮಾತು ಕೊಟ್ಟಿದ್ದೆ. ಬರುತ್ತೇನೆಂದ ದಿನ ನಾನು ಗೋವಾದ ಕಡಲ ದಂಡೆಯಲ್ಲಿದ್ದೆ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಕೊಣ್ಣೂರತನಾ ಬಂದೇನಿ. ಹೊಳಿ ಬಂದೈತಿ. ಬ್ರಿಜ್ ಮುಳುಗೇತಿ, ದಾಟಾಕ ಬರವಲ್ದು."

"ಏನದು, ಹಿಂದ ಭೋರ್ ಅಂತ ಸಪ್ಪಳ?"

"ಅದನ ನೋಡು ಹೊಳಿ ಸಪ್ಪಳ!" ಎಂದೆ. ಅರಬ್ಬಿ ಸಮುದ್ರವನ್ನು ಮಲಪ್ರಭೆ ಮಾಡಿದ್ದಕ್ಕೆ ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು.

ಅಕ್ಕ ಅಂದಳು, "ಹೌದನು? ನಾನೂ ಬ್ರಿಜ್ ಮ್ಯಾಲೇ ಅದೇನಲ್ಲೋ. ಮುಂಜಾನಿಂದ ನಿನ್ನ ದಾರಿ ನೋಡಾಕತ್ತೇನಿ. ನನ್ನ ಚಪ್ಪಲಿ ಸೈತ ತೊಯ್ದಿಲ್ಲ."

ಭಾರೀ ಮಳೆಯ ವರ್ಷ ಆ ಬ್ರಿಜ್ ಮುಳುಗುವುದು ನಿಜ. ಈಚೆ ದಂಡೆಯ ಮೆಣಸಗಿಯ ಹೊಲಗಳೂ ಮುಳುಗುತ್ತವೆ. ಆದರೆ ಸುಳ್ಳು ಹೇಳುವವನು ಆ ದಿನದ ನೀರನ್ನಾದರೂ ವಿಚಾರಿಸಬೇಕಿತ್ತು. ಅಕ್ಕ ಬೈಯಲಿಲ್ಲ. ಅಲ್ಲಿಂದಲೇ ಬಸ್ ಹತ್ತಿ, ನರಗುಂದದಲ್ಲಿ ಇಳಿದು ಮತ್ತೊಂದು ಬಸ್ ಹಿಡಿದು ರೋಣಕ್ಕೆ ಬಂದಳು. ಅವ್ವನ ಜೊತೆ ಹಬ್ಬ ಮಾಡಿ, ನಾನು ತಿರುಗಿ ಬರುವುದರೊಳಗೆ ಹೋಗಿಬಿಟ್ಟಿದ್ದಳು. ಮುಂದಿನ ಎರಡು ವರ್ಷ ನಾನು ಫೋನನ್ನೂ ಮಾಡಲಿಲ್ಲ. ಅವಳು ಬಸ್ಸಿಗೆ ಬರುತ್ತಿದ್ದಳು, ನಾನು ಊರಲ್ಲಿ ಇರುತ್ತಿರಲಿಲ್ಲ.

ದೂರದ ಪ್ರವಾಸದಲ್ಲಿ ಅಂಥದ್ದೇನಿದೆ ಎಂದು ಜನ ಕೇಳುತ್ತಾರೆ. ನಿಸರ್ಗ, ಸ್ವಾತಂತ್ರ್ಯ ಎಂದು ನನ್ನ ಗೆಳೆಯರು ಹೇಳುವುದುಂಟು. ನನಗೆ ತಿಳಿದ ಮಟ್ಟಿಗೆ ಕಾರಣ ಸಣ್ಣದು. ರಾಮೇಶ್ವರದಲ್ಲಿ ಯಾರೂ ನಮ್ಮನ್ನು "ಯಾಕೋ, ಹ್ವಾದ ವರ್ಷ ಬರಲಿಲ್ಲ?" ಎಂದು ಕೇಳುವುದಿಲ್ಲ. ಐನೂರು ಮೈಲಿ ಹೋದರೆ ಸೊಂಟ ನೋಯುತ್ತದೆ. ಅಕ್ಕನ ಊರಿಗೆ ಹೋದರೆ ನೋಯುವ ಜಾಗ ಬೇರೆ, ಅದಕ್ಕೆ ಮುಲಾಮು ಇಲ್ಲ.

ಈ ವರ್ಷ ಪಶ್ಚಾತ್ತಾಪವಾಗಿ ಹೋದೆ ಎಂದು ಬರೆದರೆ ಓದಲು ಚೆಂದ. ಆದರೆ ನಡೆದದ್ದು ಬೇರೆ. ಗೆಳೆಯರಲ್ಲಿ ಒಬ್ಬನಿಗೆ ಜ್ವರ, ಇನ್ನೊಬ್ಬನ ಗಾಡಿ ಗ್ಯಾರೇಜಿನಲ್ಲಿ, ಮೂರನೆಯವನು ತಂಗಿಯನ್ನು ಕರೆಯಲು ಹೋದ. ನನಗೆ ಹೋಗಲು ಬೇರೆ ಊರೇ ಉಳಿಯಲಿಲ್ಲ.

ಅಕ್ಕನ ಮನೆಯ ಮುಂದೆ ಎಮ್ಮಿಯನ್ನು ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಅವಳ ಅತ್ತೆ ಹೊರಗೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ.

"ಅಂತೂ ಮನಿಗೆ ಬಂದೇನಪಾ! ವರ್ಷಾ ವರ್ಷಾ ಬ್ರಿಜ್ಜಿನ ತನಕ ಬಂದು, ಅಕ್ಕನ್ನ ಹತ್ತಿಸ್ಕೊಂಡು ಹಂಗ ಓಡ್ತಿದ್ದಿ. ನಮ್ಮ ಮನಿ ಚಹಾ ಅಷ್ಟು ಕಹಿ ಏನು?"

ನನಗೆ ಮೊದಲು ತಿಳಿಯಲಿಲ್ಲ. ಒಳಗೆ ಕೂತು ಚಹಾ ಕುಡಿಯುತ್ತ ಅವರ ಮಾತು ಕೇಳಿದ ಮೇಲೆ ತಿಳಿಯಿತು. ಮೂರು ವರ್ಷ ಅಕ್ಕ, ತಮ್ಮ ಬ್ರಿಜ್ ಹತ್ತಿರ ಗಾಡಿ ತಂದು ನಿಂತಿದ್ದಾನೆ, ಗಿರಣಿಯ ಅವಸರ, ಒಳಗೆ ಬರಲು ಪುರಸೊತ್ತಿಲ್ಲ ಎಂದು ಮನೆಯಲ್ಲಿ ಹೇಳಿ, ಚೀಲ ಹಿಡಿದು ಬ್ರಿಜ್ಜಿನ ತನಕ ನಡೆದು ಬಸ್ ಹತ್ತುತ್ತಿದ್ದಳು.

ಚಹಾದ ಬಟ್ಟಲು ಇಡುವ ನೆಪದಲ್ಲಿ ಅಡಿಗೆ ಮನೆಗೆ ಹೋದೆ. "ಅಕ್ಕಾ, ಯಾಕ ಸುಳ್ಳ ಹೇಳಿದಿ?"

ಅವಳು ಪಂಚಮಿಯ ಉಂಡಿಯ ಡಬ್ಬಿ ಕಟ್ಟುತ್ತಿದ್ದಳು. "ನಿಂದಕ್ಕಿಂತ ಚಲೋ ಇತ್ತಿಲ್ಲೋ? ನಂದು ಮೂರು ವರ್ಷ ನಡದೈತಿ. ನಿಂದು ಮೂರು ನಿಮಿಷ ನಡೀಲಿಲ್ಲ."

ಹೊರಟೆವು. ನಾನು ರಸ್ತೆಯ ಕಡೆ ತಿರುಗಿಸುತ್ತಿದ್ದಂತೆ ಅಕ್ಕ ಹಿಂದಿನಿಂದ ಹೆಗಲು ತಟ್ಟಿದಳು. "ಆ ಕಡೆ ಬ್ಯಾಡ. ಗುಡಿ ಓಣಿ ಹಾದು ಹೋಗು. ಸಾವಕಾಶ ಹೊಡಿ. ಹಾರ್ನ್ ಹಾಕು."

ಗುಡಿ ಓಣಿ ಎಲ್ಲಿಗೂ ಹೋಗುವುದಿಲ್ಲ. ಸುತ್ತು ಹೊಡೆದು ಮತ್ತೆ ಅಲ್ಲಿಗೇ ಬರುತ್ತದೆ. ಎರಡೂ ಕಡೆ ಕಟ್ಟೆ, ನಡುವೆ ಗಟಾರು. ನಾನು ಎರಡೂ ಕಾಲು ನೆಲಕ್ಕೆ ಊರಿ ಬಾತುಕೋಳಿಯಂತೆ ಗಾಡಿ ನಡೆಸಿದೆ. ಪ್ರತಿ ಬಾಗಿಲಿನಲ್ಲೂ ಯಾರೋ ಹಣಿಕಿ ಹಾಕಿ, "ಯಾರವ್ವಾ ಶಾಂತವ್ವಾ?" ಎನ್ನುವವರು. ಪ್ರತಿ ಬಾಗಿಲಿಗೂ ಅಕ್ಕ ನನ್ನ ಬೆನ್ನು ಚಿವುಟಿ ನಿಲ್ಲಿಸಿ, "ನನ್ನ ತಮ್ಮರೀ. ಕರಿಯಾಕ ಬಂದಾನ," ಎನ್ನುವವಳು. ನಾನು ಹೆಲ್ಮೆಟ್ ತೆಗೆದು ಮುಖ ತೋರಿಸಬೇಕು, ಮತ್ತೆ ಹಾಕಿಕೊಳ್ಳಬೇಕು. ಆ ಓಣಿ ಮುನ್ನೂರು ಹೆಜ್ಜೆ ಇದ್ದೀತು. ಅಷ್ಟು ಉದ್ದದ ದಾರಿಯನ್ನು ನಾನು ಇನ್ನೂ ಹೊಡೆದಿಲ್ಲ.